ಹೌನ್ಸ್ಲೋದಲ್ಲಿ ಹೊಟ್ಟೆ ಉರಿದ ನಾಲ್ಕು ವಾರ

ಹೀಥ್ರೋ, ಇಳಿದ ದಿನ

ಲಂಡನ್ನಿನಲ್ಲಿ ನನಗೆ ಮೊದಲು ಹೊಟ್ಟೆಕಿಚ್ಚು ಹುಟ್ಟಿದ್ದು ಒಂದು ಕುರ್ಚಿಯ ಮೇಲೆ. ಹೀಥ್ರೋ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಹುಡುಗಿಯೊಬ್ಬಳು ಅದರಲ್ಲಿ ಕೂತಿದ್ದಳು. ಬೆನ್ನಿಗೆ ಆಸರೆ, ಕೈಗೆ ಆಸರೆ, ಕೆಳಗೆ ಚಕ್ರ, ಪಕ್ಕದಲ್ಲಿ ಒಂದು ಹಿಡಿ. ಎತ್ತರದ ಮನುಷ್ಯ ಎದುರಿಗೆ ಬಂದರೆ ಹಿಡಿ ಎತ್ತಿ ಮೇಲೇರುವಳು, ಕುಳ್ಳಗಿರುವವರು ಬಂದರೆ ಇಳಿಯುವಳು. ಸಾಲಿನಲ್ಲಿ ನಿಂತ ಅರ್ಧ ಗಂಟೆಯೂ ನಾನು ಆ ಕುರ್ಚಿಯನ್ನೇ ನೋಡಿದೆ. ನಮ್ಮ ಪೊಲೀಸ್ ಟ್ರೈನಿಂಗ್ ಸ್ಕೂಲಿನ ಸ್ಟಾಫ್ ರೂಮಿನಲ್ಲಿ ನನ್ನ ಕುರ್ಚಿಗೆ ಮೂರೂವರೆ ಕಾಲು. ಉಳಿದ ಅರ್ಧಕ್ಕೆ ಹಳೆಯ ಅಟೆಂಡೆನ್ಸ್ ರಿಜಿಸ್ಟರ್ ಕೊಟ್ಟಿದ್ದೆವು.

ನಾನು ಆಗ ಇನ್‌ಸ್ಪೆಕ್ಟರ್. ಹದಿನೈದು ವರ್ಷದಿಂದ ಆ ಸ್ಕೂಲಿನಲ್ಲಿ ಕಾನೂನು ಬೋಧಕ. ವಿಮಾನ ನಿಲ್ದಾಣಕ್ಕೂ ಬಂದರಿಗೂ ಪಾಸ್‌ಪೋರ್ಟ್ ತಪಾಸಣೆಗೆಂದು ಹೋಗುವ ನಮ್ಮವರಿಗೆ ವಿದೇಶಿಯರ ಕಾಯ್ದೆ, ಪಾಸ್‌ಪೋರ್ಟ್ ಕಾಯ್ದೆಗಳನ್ನು ಕಲಿಸಿ ಕಳಿಸುವವನು ನಾನೇ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಗಳಾಗಿದ್ದವು. ಪೂರ್ವ ಯುರೋಪಿನ ದೇಶಗಳು ಒಂದೊಂದಾಗಿ ಯುರೋಪ್ ಒಕ್ಕೂಟ ಸೇರುತ್ತಿದ್ದ ಕಾಲ ಅದು. ಸೇರಬೇಕಾದರೆ ಆ ದೇಶಗಳ ಗಡಿ ಪೊಲೀಸರಿಗೆ ಕೊಡುವ ತರಬೇತಿ ಉಳಿದ ಯುರೋಪಿನ ಮಟ್ಟಕ್ಕೆ ಹೊಂದಬೇಕಂತೆ. ಅದಕ್ಕಾಗಿ ಅಲ್ಲಿನ ಬೋಧಕರನ್ನೆಲ್ಲ ಲಂಡನ್ನಿಗೆ ಕರೆಸಿ, ಅವರವರ ಪಠ್ಯಕ್ರಮಗಳನ್ನು ಒಂದೇ ಅಚ್ಚಿಗೆ ತರುವ ನಾಲ್ಕು ವಾರದ ಕಮ್ಮಟ ನಡೆಸುತ್ತಿದ್ದರು. ಹೊರಗಿನ ದೇಶಗಳವರಿಗೂ ವೀಕ್ಷಕರೆಂದು ಕೆಲವು ಜಾಗವಿತ್ತು. ಹೇಗೋ ಎರಡು ಜಾಗ ನಮ್ಮ ಪಾಲಿಗೂ ಬಂದವು. ನಾನು ತಂಡದ ನಾಯಕ. ತಂಡವೆಂದರೆ ಸಾವಿತ್ರಿ ಬಣಕಾರ ಒಬ್ಬಳೇ.

ಸಾವಿತ್ರಿ ಹಾವೇರಿ ಕಡೆಯವಳು, ಸಬ್ ಇನ್‌ಸ್ಪೆಕ್ಟರ್. ಆರು ವರ್ಷದ ಹಿಂದೆ ತರಬೇತಿಗೆ ಬಂದಾಗ ನನ್ನ ತರಗತಿಯ ಎರಡನೆಯ ಸಾಲಿನಲ್ಲಿ ಕೂರುತ್ತಿದ್ದಳು. ಎರಡು ವರ್ಷದಿಂದ ಅವಳನ್ನು ಬೆಂಗಳೂರಿನ ವಿಮಾನ ನಿಲ್ದಾಣದ ಕೌಂಟರಿಗೆ ಹಾಕಿದ್ದರು. ಕೌಂಟರಿನಲ್ಲಿ ಕೂತು ಕೆಲಸ ಮಾಡಿದ ಒಬ್ಬರಾದರೂ ಬೇಕು ಎಂದು ಆಹ್ವಾನದಲ್ಲಿ ಬರೆದಿದ್ದರಿಂದ ಅವಳಿಗೆ ಅವಕಾಶ ಸಿಕ್ಕಿತ್ತು. ಇಲ್ಲದಿದ್ದರೆ ನನ್ನ ಜೊತೆಗೆ ನನ್ನಂಥ ಇನ್ನೊಬ್ಬ ಇನ್‌ಸ್ಪೆಕ್ಟರ್ ಬರುತ್ತಿದ್ದ. ಆಗ ಈ ಕಥೆಯೇ ಇರುತ್ತಿರಲಿಲ್ಲ.

ಕೌಂಟರಿನ ಹುಡುಗಿ ಸಾವಿತ್ರಿಯನ್ನು ಎರಡೇ ನಿಮಿಷದಲ್ಲಿ ಬಿಟ್ಟಳು. ಇಬ್ಬರೂ ಏನೋ ಮಾತಾಡಿಕೊಂಡು ನಕ್ಕರು. ನನ್ನನ್ನು ಹನ್ನೊಂದು ನಿಮಿಷ ನಿಲ್ಲಿಸಿದಳು. ಯಾಕೆ ಬಂದಿರಿ, ಯಾರು ಕರೆದರು, ಎಲ್ಲಿ ಇರುತ್ತೀರಿ. ನಾನೂ ಪೊಲೀಸಿನವನು ಎಂದೆ. "ವಂಡರ್‌ಫುಲ್" ಎಂದು ಮತ್ತೆ ಮೊದಲಿನಿಂದ ಕೇಳಿದಳು. ಮುಂದೆ ಕಸ್ಟಮ್ಸಿನವರು ನನ್ನ ಸೂಟ್‌ಕೇಸು ಬಿಚ್ಚಿಸಿದರು. ಮೇಲೆ ಚಟ್ನಿಪುಡಿ, ಕೆಳಗೆ ನನ್ನ ಇನ್ನೂರು ಪುಟದ ಇಂಗ್ಲಿಷ್ ನೋಟ್ಸು. ಚಟ್ನಿಪುಡಿಯನ್ನು ಮೂಸಿ ನೋಡಿದ ಆಸಾಮಿ ನೋಟ್ಸಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ಏನ್ ನಗ್ತಿದ್ರಿ ಅಲ್ಲಿ?" ಎಂದು ಸಾವಿತ್ರಿಯನ್ನು ಹೊರಗೆ ಬಂದ ಮೇಲೆ ಕೇಳಿದೆ.

"ಏನಿಲ್ರಿ ಸರ್. ಆಕೀಗೂ ಒಂದ ಕೂಸು ಐತಂತ್ರಿ. ನಂಗೂ ಐತಿ ಅಂದೆ. ಡ್ಯೂಟಿ ಮುಗಿಸಿ ಹೋಗೂದ್ರಾಗ ಮಲಗಿಬಿಟ್ಟಿರತೈತಿ ಅಂದ್ಲು" ಎಂದಳು.

ಹೌನ್ಸ್ಲೋ

ನಮ್ಮನ್ನು ಇಳಿಸಿದ್ದು ಹೌನ್ಸ್ಲೋದ ಒಂದು ಗೆಸ್ಟ್ ಹೌಸಿನಲ್ಲಿ. ತಲೆಯ ಮೇಲೆ ಎರಡು ಮೂರು ನಿಮಿಷಕ್ಕೊಂದು ವಿಮಾನ. ಬೀದಿಯಲ್ಲಿ ಅರ್ಧಕ್ಕರ್ಧ ನಮ್ಮವರೇ. ಪಂಜಾಬಿ ಅಜ್ಜಿಯರು ಸಲ್ವಾರಿನ ಮೇಲೆ ದಪ್ಪ ಕೋಟು ತೊಟ್ಟು ಬಸ್ ಸ್ಟಾಪಿನಲ್ಲಿ ನಿಂತಿರುತ್ತಿದ್ದರು. ಮುಂದಿನ ಬಸ್ಸು ಎಷ್ಟು ನಿಮಿಷಕ್ಕೆ ಬರುತ್ತದೆಂದು ಸ್ಟಾಪಿನಲ್ಲೇ ದೀಪದ ಅಕ್ಷರದಲ್ಲಿ ಬರೆದಿರುತ್ತಿತ್ತು. ನಾನು ಕೈಗಡಿಯಾರ ಹಿಡಿದು ಅದನ್ನು ಸುಳ್ಳು ಮಾಡಲು ಕಾಯುತ್ತಿದ್ದೆ. ಬಸ್ಸು ಬಂದು ಅಜ್ಜಿಯ ಎದುರು ನಿಂತು, ಉಸ್ಸೆಂದು ಒಂದು ಪಕ್ಕಕ್ಕೆ ಬಗ್ಗುವುದು. ಮೆಟ್ಟಿಲು ತಾನಾಗಿ ಕೆಳಗೆ ಬರುವುದು. ಅಜ್ಜಿ ಹತ್ತಿ ಕೂರುವ ತನಕ ಡ್ರೈವರು ಮುಂದಕ್ಕೆ ಬಿಡುತ್ತಿರಲಿಲ್ಲ. ನಮ್ಮೂರಿನಲ್ಲಿ ನನ್ನ ತಾಯಿ ಓಡುವ ಬಸ್ಸಿನ ಬಾಗಿಲು ಹಿಡಿದು ಹತ್ತುತ್ತಿದ್ದುದು ನೆನಪಾಗಿ ಮೈ ಉರಿಯಿತು.

ಮೂರನೆಯ ದಿನ ಗೆಸ್ಟ್ ಹೌಸಿನ ಲಿಫ್ಟು ಕೆಟ್ಟಿತು. ನನಗಾದ ಸಂತೋಷವನ್ನು ಏನೆಂದು ಹೇಳಲಿ? ಸೂಟ್‌ಕೇಸು ಹೊತ್ತ ಪೋಲೆಂಡಿನವನೊಬ್ಬ ಬೈಯುತ್ತಾ ಮೆಟ್ಟಿಲು ಹತ್ತುತ್ತಿದ್ದರೆ ನಾನು ಅವನ ಹಿಂದೆ ಹೆಚ್ಚುಕಡಿಮೆ ಹಾಡಿಕೊಂಡು ಹತ್ತಿದೆ. ಒಂದು ಗಂಟೆಯೊಳಗೆ ಸರಿ ಮಾಡುವವನು ಬಂದ. ಸರಿ ಮಾಡಿದ. ತೊಂದರೆಗಾಗಿ ಕ್ಷಮಿಸಿ ಎಂದು ಚೀಟಿ ಅಂಟಿಸಿಟ್ಟು ಹೋದ. ನನ್ನ ಸಂತೋಷ ಅಲ್ಲಿಗೆ ಮುಗಿಯಿತು.

ಊಟಕ್ಕೆ ನಮಗೆ ಶೇಖರಣ್ಣ ಸಿಕ್ಕಿದರು. ಕುಂದಾಪುರದವರು, ಹೌನ್ಸ್ಲೋದಲ್ಲಿ ಹತ್ತು ಮೇಜಿನ ಒಂದು ಹೋಟೆಲು ಇಟ್ಟುಕೊಂಡಿದ್ದರು. ಕನ್ನಡ ಕೇಳಿದೊಡನೆ ಅಡುಗೆಮನೆಯಿಂದ ಹೊರಗೆ ಬಂದು ನಮ್ಮ ಮೇಜಿಗೇ ಕೂತರು. ಅವರ ಮಗಳು ಕೌಂಟರಿನಲ್ಲಿ ಪಾಠ ಓದುತ್ತಾ ಇರುತ್ತಿದ್ದಳು. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಲೆಯೆತ್ತದೆ ಇಂಗ್ಲಿಷಿನಲ್ಲಿ ಉತ್ತರ ಕೊಡುವಳು. ಇಬ್ಬರಿಗೂ ಅದರಿಂದ ಏನೂ ತೊಂದರೆ ಇದ್ದಂತೆ ಕಾಣಲಿಲ್ಲ.

"ಎಂತ ಮಾರಾಯ್ರೆ, ಇಂಗ್ಲೆಂಡಿನವ್ರಿಗೆ ಪಾಠ ಹೇಳ್ಲಿಕ್ಕೆ ಬಂದದ್ದಾ ನೀವು?" ಎಂದರು ಶೇಖರಣ್ಣ.

"ನೋಡೋಣ, ಅವರು ಕೇಳಿದರೆ ಹೇಳೋದೇ" ಎಂದು ನಾನು ದೊಡ್ಡಸ್ತಿಕೆಯಿಂದ ಹೇಳಿದೆ. ಕೇಳುತ್ತಾರೆಂದೇ ನಂಬಿದ್ದೆ. ಆ ಇನ್ನೂರು ಪುಟ ಹದಿನೈದು ವರ್ಷದಿಂದ ಬ್ಯಾಚಿನಿಂದ ಬ್ಯಾಚಿಗೆ ಕೈ ಬದಲಾಯಿಸುತ್ತಾ ಬಂದಿತ್ತು. ಅದನ್ನೋದಿ ಪಾಸಾದವರು ಡಿ.ವೈ.ಎಸ್.ಪಿ. ಆಗಿದ್ದರು. ಎಲ್ಲಿಯೂ ನನ್ನ ಹೆಸರಿರಲಿಲ್ಲ, ಬರೀ ಜೆರಾಕ್ಸ್. ಅದಕ್ಕೊಂದು ಹೆಸರು ಲಂಡನ್ನಿನಲ್ಲಿ ಸಿಗಬಹುದು ಎಂಬ ಆಸೆಯನ್ನು ನಾನು ಮನೆಯಲ್ಲಿ ಹೆಂಡತಿಗೂ ಹೇಳಿರಲಿಲ್ಲ.

ಗೋಡೆಯ ಮೇಲಿನ ಪಠ್ಯಕ್ರಮ

ಕಮ್ಮಟ ನಡೆಸುತ್ತಿದ್ದವರು ಮಾರ್ಗರೆಟ್ ಎಂಬ ಹೆಂಗಸು. ಅರವತ್ತರ ಹತ್ತಿರ ವಯಸ್ಸು, ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ. ಇಪ್ಪತ್ತೈದು ಮೂವತ್ತು ವರ್ಷ ಪಾಸ್‌ಪೋರ್ಟ್ ನೋಡಿ ಸಾಕಾಗಿ ಈಗ ಕಲಿಸಲು ಬಂದವರು. ತಮ್ಮನ್ನು ಮೇಡಂ ಎನ್ನಬೇಡಿ, ಮಾರ್ಗರೆಟ್ ಎನ್ನಿ ಎಂದರು. ನನ್ನ ನಾಲಿಗೆ ಹೊರಳಲಿಲ್ಲ. ಕೊನೆಯ ತನಕ "ಮಾರ್ಗರೆಟ್ ಮೇಡಂ" ಎಂದೇ ಕರೆದೆ.

ಅವರು ಕೆಲಸ ಮಾಡುವ ಬಗೆ ನಾನು ಎಲ್ಲಿಯೂ ಕಂಡಿರಲಿಲ್ಲ. ಪ್ರತಿ ದೇಶವೂ ತಂದ ಪಠ್ಯಕ್ರಮವನ್ನು ಕತ್ತರಿಯಿಂದ ಪಟ್ಟಿಪಟ್ಟಿಯಾಗಿ ಕತ್ತರಿಸಿ ಗೋಡೆಗೆ ಚುಚ್ಚುತ್ತಾರೆ. ಒಂದೊಂದು ಪಟ್ಟಿಯ ಎದುರಿಗೂ ಒಂದೇ ಪ್ರಶ್ನೆ. ಇದನ್ನು ಕಲಿತ ಮೇಲೆ ಆ ಪೊಲೀಸಿನವನಿಗೆ ಏನು ಮಾಡಲು ಬರುತ್ತದೆ? ಉತ್ತರವಿದ್ದರೆ ಪಟ್ಟಿ ಗೋಡೆಯ ಎಡಕ್ಕೆ, ಅಂದರೆ ಯುರೋಪಿನ ಸಾಮಾನ್ಯ ಪಠ್ಯಕ್ಕೆ. ಇಲ್ಲದಿದ್ದರೆ ಕೆಳಗಿಟ್ಟ ರಟ್ಟಿನ ಪೆಟ್ಟಿಗೆಗೆ.

ಬಲ್ಗೇರಿಯಾದ ಮೇಜರ್ ದಿಮಿತರ್ ನನ್ನ ಪಕ್ಕದವನು. ಆನೆಯಂಥ ಆಳು, ಮಗುವಿನಂಥ ನಗು. ಅವನ ಪಠ್ಯದ ಅರ್ಧ ಭಾಗ ಮೊದಲ ದಿನವೇ ಪೆಟ್ಟಿಗೆಗೆ ಬಿತ್ತು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಹಳೆಯ ಕಾಲದ್ದು, ಹೋಗಲಿ ಬಿಡಿ, ಹೋಗಲಿ ಬಿಡಿ" ಎಂದು ತಾನೇ ಇನ್ನಷ್ಟು ಕಿತ್ತು ಹಾಕಿದ. ಅಷ್ಟು ಹಗುರಾಗಿ ತನ್ನದನ್ನು ಎಸೆಯಬಲ್ಲ ಮನುಷ್ಯನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ನನ್ನ ಸರದಿ ಬಂತು. ನಾವು ವೀಕ್ಷಕರು, ಕತ್ತರಿಸುವ ಕಡ್ಡಾಯವಿಲ್ಲ ಎಂದರು. ನಾನೇ ಒತ್ತಾಯಿಸಿ ನೋಟ್ಸಿನ ಮೊದಲ ಅಧ್ಯಾಯ ಕೊಟ್ಟೆ. ವಿದೇಶಿಯರ ಕಾಯ್ದೆ, ನಲವತ್ತು ಪೀರಿಯಡ್.

"ನಲವತ್ತು ಪೀರಿಯಡ್ ಆದ ಮೇಲೆ ಅವನಿಗೆ ಏನು ಮಾಡಲು ಬರುತ್ತದೆ?" ಎಂದರು ಮಾರ್ಗರೆಟ್.

"ಪರೀಕ್ಷೆ ಬರೆಯಲು ಬರುತ್ತದೆ" ಎಂದೆ.

ತಮಾಷೆ ಮಾಡಿದೆನೆಂದು ಎಲ್ಲರೂ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ಅದು ಅರ್ಥವಾದಾಗ ನಗು ನಿಂತಿತು. ಮಾರ್ಗರೆಟ್ ನನ್ನ ಹಾಳೆಗಳನ್ನು ಪೆಟ್ಟಿಗೆಗೆ ಹಾಕಲಿಲ್ಲ. ಮರ್ಯಾದೆಯಿಂದ ಮೇಜಿನ ಮೇಲೆ ಇಟ್ಟರು. ನಾಲ್ಕು ವಾರವೂ ಅವು ಅಲ್ಲೇ ಇದ್ದವು. ಒಂದೆರಡು ಸಲ ಯಾರೋ ಅವುಗಳ ಮೇಲೆ ಕಾಫಿ ಲೋಟ ಇಟ್ಟಿದ್ದನ್ನು ನೋಡಿದೆ.

ಸುಳ್ಳು ಕೌಂಟರು

ಎರಡನೆಯ ವಾರ ನಮ್ಮನ್ನು ಒಂದು ದೊಡ್ಡ ಕೋಣೆಗೆ ಕರೆದೊಯ್ದರು. ಅಲ್ಲಿ ವಿಮಾನ ನಿಲ್ದಾಣವನ್ನೇ ಕಟ್ಟಿದ್ದರು. ಸಾಲು, ಹಗ್ಗ, ಕೌಂಟರುಗಳು, ಆ ಏರಿಳಿಯುವ ಕುರ್ಚಿಗಳೂ. ಪ್ರಯಾಣಿಕರಾಗಿ ವೇಷ ಹಾಕಿ ಬರಲು ಸಂಬಳದ ಜನ. ನಮ್ಮ ಸ್ಕೂಲಿನಲ್ಲಿ ಕಳ್ಳನ ಪಾತ್ರಕ್ಕೆ ಯಾವಾಗಲೂ ಅಡುಗೆಯ ಮಾದಪ್ಪನನ್ನು ಕರೆಯುತ್ತಿದ್ದೆವು. ಅವನು ಮೊದಲ ಪ್ರಶ್ನೆಗೇ ಅಪರಾಧ ಒಪ್ಪಿಕೊಂಡು ಸಾರು ಕುದಿಯುತ್ತಿದೆ ಎಂದು ಓಡುತ್ತಿದ್ದ.

ನನ್ನ ಕೌಂಟರಿಗೆ ಸೂಟು ಬೂಟಿನ ಬಿಳಿಯ ಮನುಷ್ಯನೊಬ್ಬ ಬಂದ. ಕೈಯಲ್ಲಿ ಚರ್ಮದ ಬ್ರೀಫ್‌ಕೇಸು, ಬೆಳ್ಳಿ ಕೂದಲು. "ಗುಡ್ ಮಾರ್ನಿಂಗ್, ಆಫೀಸರ್" ಎಂದು ಗಂಭೀರವಾಗಿ ಹೇಳಿದ. ನಾನು ಎದ್ದು ನಿಂತೆ. ಎದ್ದು ನಿಲ್ಲಬೇಕೆಂದು ನಿಂತದ್ದಲ್ಲ, ಮಂಡಿಗಳು ತಾವೇ ಎದ್ದವು. ಮೂವತ್ತು ವರ್ಷ ಇಲಾಖೆಯಲ್ಲಿದ್ದವನಿಗೆ ಆ ಧ್ವನಿ ಕಿವಿಗೆ ಬಿದ್ದರೆ ಮಂಡಿ ಸುಮ್ಮನಿರುವುದಿಲ್ಲ. "ವೆಲ್ಕಮ್ ಸರ್" ಎಂದು ಮುದ್ರೆ ಒತ್ತಿದೆ. ಪಾಸ್‌ಪೋರ್ಟಿನಲ್ಲಿದ್ದದ್ದು ಬೇರೊಬ್ಬನ ಫೋಟೋ. ಕಿವಿಗಳೇ ಬೇರೆ, ಎರಡು ಮಾರು ದೂರದಿಂದ ಗೊತ್ತಾಗುವಷ್ಟು ಬೇರೆ.

ಎಲ್ಲರೂ ನಕ್ಕರು, ಮಾರ್ಗರೆಟ್ ಒಬ್ಬರು ನಗಲಿಲ್ಲ. "ಯಾಕೆ ಎದ್ದು ನಿಂತಿರಿ?" ಎಂದು ನಿಜವಾಗಿ ತಿಳಿದುಕೊಳ್ಳಲು ಕೇಳಿದರು. "ಮರ್ಯಾದೆ" ಎಂದೆ. ಮಾರನೆಯ ದಿನದಿಂದ ನಾನು ತರಗತಿಗೆ ಬಂದಾಗಲೆಲ್ಲ ದಿಮಿತರ್ ತನ್ನ ಆನೆಯ ಮೈಯನ್ನೆತ್ತಿ ಎದ್ದು ನಿಲ್ಲಲಾರಂಭಿಸಿದ.

ಎರಡು ದಿನ ಬಿಟ್ಟು ಸಾವಿತ್ರಿಯ ಕೌಂಟರಿಗೆ ಬಂದವರು ಇಬ್ಬರು. ಇಪ್ಪತ್ತರ ಒಬ್ಬಳು ಹೆಂಗಸು, ಅವಳ ಮಾವನೆಂದು ಹೇಳಿಕೊಂಡ ಒಬ್ಬ ಗಂಡಸು. ಅವಳಿಗೆ ಇಂಗ್ಲಿಷ್ ಬಾರದು ಎಂಬುದು ಆಟದ ನಿಯಮ. ಇದೇ ಜೋಡಿ ಬೆಳಿಗ್ಗೆಯಿಂದ ನಾಲ್ಕು ಕೌಂಟರು ದಾಟಿತ್ತು. ನಾಲ್ವರೂ ಪಾಸ್‌ಪೋರ್ಟನ್ನು ದೀಪಕ್ಕೆ ಹಿಡಿದು, ಭೂತಗನ್ನಡಿ ಹಿಡಿದು ನೋಡಿದ್ದರು. ಅದು ಅಸಲಿ ಪಾಸ್‌ಪೋರ್ಟು. ಬಿಟ್ಟಿದ್ದರು.

ಸಾವಿತ್ರಿ ಪಾಸ್‌ಪೋರ್ಟನ್ನು ಸುಮ್ಮನೆ ಪಕ್ಕಕ್ಕಿಟ್ಟಳು. ದೇಶದೊಳಗೆ ಬರುವವರು ತುಂಬಿಸಬೇಕಾದ ಕಾರ್ಡೊಂದನ್ನು ಆ ಹೆಂಗಸಿನ ಮುಂದೆ ಇಟ್ಟು ಕೈಕಟ್ಟಿ ಕೂತಳು. ಗಂಡಸು ಕಾರ್ಡನ್ನು ತನ್ನ ಕಡೆಗೆ ಎಳೆದುಕೊಂಡು ಸರಸರನೆ ತುಂಬಿಸಿ ಕೊಟ್ಟ. ಸಾವಿತ್ರಿ ಅದನ್ನು ನೋಡಿ, ಇದರಲ್ಲಿ ತಪ್ಪಾಗಿದೆ, ಅಲ್ಲಿ ದೂರದ ಮೇಜಿನ ಮೇಲೆ ಹೊಸ ಕಾರ್ಡು ಇದೆ, ಬರೆದು ತನ್ನಿ ಎಂದು ನಗುಮುಖದಿಂದ ಅವನನ್ನು ಕಳಿಸಿದಳು. ಅವನು ಹೋದ. ಅವಳು ಹೆಂಗಸಿಗೆ ನೀರು ಕೊಟ್ಟಳು. ಮಾರ್ಗರೆಟ್ ಸೀಟಿ ಊದಿ ಆಟ ನಿಲ್ಲಿಸಿದರು.

"ಕಾರ್ಡಿನಲ್ಲಿ ಏನು ತಪ್ಪಿತ್ತು?" ಎಂದು ಕೇಳಿದರು.

"ಏನೂ ತಪ್ಪಿರಲಿಲ್ಲ, ಅವನನ್ನು ಅವಳಿಂದ ದೂರ ಕಳಿಸಬೇಕಿತ್ತು" ಎಂದಳು ಸಾವಿತ್ರಿ ತನ್ನ ತಡವರಿಸುವ ಇಂಗ್ಲಿಷಿನಲ್ಲಿ. ಆಮೇಲೆ ವಿವರಿಸಿದಳು. ನಮ್ಮಲ್ಲಿ ಕೊಲ್ಲಿ ದೇಶಗಳಿಗೆ ಮನೆಗೆಲಸಕ್ಕೆಂದು ಹೋಗುವ ಹೆಂಗಸರು ಬಹಳ. ಓದು ಬರಹ ಬಾರದವರಿಗೆ ಯಾರಾದರೂ ಕಾರ್ಡು ಬರೆದುಕೊಡುತ್ತಾರೆ. ಸಾಲಿನಲ್ಲಿ ನಿಂತ ಅಪರಿಚಿತರೂ ಬರೆದುಕೊಡುತ್ತಾರೆ. ಆದರೆ ಸಹಾಯ ಮಾಡುವವರು ಕೇಳಿ ಬರೆಯುತ್ತಾರೆ. ನಿನ್ನ ಹೆಸರೇನಮ್ಮ, ಹುಟ್ಟಿದ್ದು ಯಾವಾಗ, ಎಲ್ಲಿ ಇಳಿಯುತ್ತೀ. ಸ್ವಂತ ಮಾವನಾದರೂ ಹುಟ್ಟಿದ ತಾರೀಕು ಕೇಳಿಯೇ ಕೇಳುತ್ತಾನೆ. ಮಾರಾಟಕ್ಕೆಂದು ಸಾಗಿಸಿಕೊಂಡು ಹೋಗುವವನು ಮಾತ್ರ ಒಂದನ್ನೂ ಕೇಳದೆ ಎಲ್ಲವನ್ನೂ ಬರೆದುಬಿಡುತ್ತಾನೆ.

ಮಾರ್ಗರೆಟ್ ಅದನ್ನು ಅಲ್ಲೇ ಒಂದು ಪಟ್ಟಿಯಲ್ಲಿ ಬರೆದರು. ನೆಟ್ಟಗೆ ಹೋಗಿ ಗೋಡೆಯ ಎಡಕ್ಕೆ ಚುಚ್ಚಿದರು. ಮೇಲೆ ತಲೆಬರಹ, "ಬೆಂಗಳೂರು ಕಾರ್ಡ್". ದಿಮಿತರ್ ಅದನ್ನು ತನ್ನ ಪುಸ್ತಕಕ್ಕೆ ಇಳಿಸಿಕೊಂಡು ಸಾವಿತ್ರಿಗೆ ಸೆಲ್ಯೂಟ್ ಹೊಡೆದ. ಈ ಸಲ ತಮಾಷೆಗಲ್ಲ.

ನಾನು ಚಪ್ಪಾಳೆ ತಟ್ಟಿದೆ. ಎಲ್ಲರಿಗಿಂತ ಜೋರಾಗಿಯೇ ತಟ್ಟಿದೆ. ಗೆಸ್ಟ್ ಹೌಸಿಗೆ ಬಂದವನೇ ಬೂಟು ಕೂಡ ಬಿಚ್ಚದೆ ಸೂಟ್‌ಕೇಸು ತೆಗೆದು ನೋಟ್ಸಿನ ಉಳಿದ ಪುಟಗಳನ್ನೆಲ್ಲ ತಿರುವಿ ಹಾಕಿದೆ. ಎಲ್ಲಾದರೂ ಒಂದು ಸಾಲು, ಕೊನೆಗೆ ಅಂಚಿನಲ್ಲೊಂದು ಟಿಪ್ಪಣಿಯಾದರೂ ಸಿಕ್ಕರೆ ಅದು ನನ್ನ ಪಾಠ ಎನ್ನಬಹುದಿತ್ತು. ಸಿಗಲಿಲ್ಲ. ಆದರೂ ಸಂಜೆ ಶೇಖರಣ್ಣನ ಹೋಟೆಲಿನಲ್ಲಿ ನಾನು ಹೇಳಿಯೇಬಿಟ್ಟೆ. "ನಮ್ಮ ಸ್ಕೂಲಲ್ಲಿ ನಾನೇ ಹೇಳಿಕೊಟ್ಟಿದ್ದು. ಪರವಾಗಿಲ್ಲ, ಜ್ಞಾಪಕ ಇಟ್ಕೊಂಡಿದ್ದಾಳೆ."

"ಹೌದಾ ಮಾರಾಯ್ತಿ?" ಎಂದು ಶೇಖರಣ್ಣ ಅವಳ ಕಡೆ ತಿರುಗಿದರು.

ಸಾವಿತ್ರಿ ದೋಸೆ ಮುರಿಯುತ್ತಾ ಒಂದು ಕ್ಷಣ ನನ್ನನ್ನು ನೋಡಿದಳು. "ಸರ್ ನಮಗ ಭಾಳ ಕಲಿಸ್ಯಾರ್ರಿ ಅಣ್ಣಾರ" ಎಂದಳು. ಸುಳ್ಳನ್ನೂ ಹೇಳಲಿಲ್ಲ, ನನ್ನನ್ನು ಬಿಟ್ಟುಕೊಡಲೂ ಇಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

ಹ್ಯಾರೋ, ನಾನು ಹೋಗದ ಭಾನುವಾರ

ಮೂರನೆಯ ವಾರದಲ್ಲಿ ಮಾರ್ಗರೆಟ್ ಒಂದು ಸುದ್ದಿ ಹೇಳಿದರು. ಕಮ್ಮಟ ಮುಗಿದ ಮೇಲೆ ಸಣ್ಣದೊಂದು ಗುಂಪು ಇನ್ನೂ ಆರು ವಾರ ಉಳಿದು, ಪೂರ್ವದ ಗಡಿಗಳಿಗೆ ಹೋಗಿ ಬಂದು, ಪ್ರಯಾಣಿಕರನ್ನು ವಿಚಾರಿಸುವ ಅಧ್ಯಾಯವನ್ನು ಬರೆಯುತ್ತದೆ. ಬರೆದವರ ಹೆಸರು ಪಠ್ಯದಲ್ಲಿ ಅಚ್ಚಾಗುತ್ತದೆ. ವೀಕ್ಷಕರ ತಂಡಗಳಿಂದಲೂ ತಲಾ ಒಬ್ಬರಿಗೆ ಜಾಗವಿದೆ. ನಾಯಕ ತನ್ನ ಸದಸ್ಯರ ಬಗ್ಗೆ, ಸದಸ್ಯರು ನಾಯಕನ ಬಗ್ಗೆ ಒಂದೊಂದು ಮೌಲ್ಯಮಾಪನ ಹಾಳೆ ಬರೆದುಕೊಡಬೇಕು. ಅದನ್ನು ನೋಡಿ ಆರಿಸುತ್ತಾರೆ.

ಅಚ್ಚಾದ ಹೆಸರು! ನನಗೆ ಐವತ್ತೊಂದು ವರ್ಷ. ಇನ್ನೊಂದು ಸಲ ಇಂಥದ್ದು ಬರುವುದಿಲ್ಲವೆಂದು ಗೊತ್ತಿತ್ತು. ಆ ಸಂಜೆ ಬಸ್ಸಿನಲ್ಲಿ ಸಾವಿತ್ರಿ ಸಂಕೋಚಪಡುತ್ತಾ ಕೇಳಿದಳು.

"ಸರ್, ಇದೇನರ ನಂಗ ಸಿಕ್ಕರ, ನಮ್ಮ ಸ್ಕೂಲಿನ್ಯಾಗ ಕಲಿಸಾಕ ಹಾಕ್ತಾರೇನ್ರಿ?"

"ಯಾಕೆ, ಏರ್‌ಪೋರ್ಟ್ ಬೇಡ್ವಾ?"

"ಅದು ಈ ವರ್ಷಕ್ಕ ಮುಗೀತೈತ್ರಿ. ಆಮ್ಯಾಲ ಮತ್ತ ಸ್ಟೇಷನ್ ಡ್ಯೂಟಿ, ಬಂದೋಬಸ್ತು. ನಂಗ ಕಲಿಸೂದು ಭಾಳ ಇಷ್ಟರಿ. ಇಲ್ಲಿಗೆ ಬಂದ ಮ್ಯಾಲ ಗೊತ್ತಾತು."

"ನೋಡೋಣ" ಎಂದೆ. ಇಲಾಖೆಯಲ್ಲಿ ಈ ಮಾತಿಗೆ ಆಗುವುದಿಲ್ಲ ಎಂದು ಅರ್ಥ. ಅವಳಿಗೂ ಅದು ಗೊತ್ತು.

ಭಾನುವಾರ ಶೇಖರಣ್ಣ ಹೆಂಡತಿ ಮಗಳೊಂದಿಗೆ ಕಾರು ತಂದು ನಮ್ಮನ್ನು ಹ್ಯಾರೋಗೆ ಕರೆದರು. ಅಲ್ಲಿ ದೇವಸ್ಥಾನವಿದೆ, ನಮ್ಮ ಕಡೆಯ ಸಾಮಾನಿನ ಅಂಗಡಿಗಳಿವೆ, ಮೈಸೂರಿನ ಡಾಕ್ಟರೊಬ್ಬರ ಮನೆಯಲ್ಲಿ ಊಟವೂ ಇದೆ. ನಾನು ತಲೆನೋವೆಂದು ಉಳಿದೆ. ಕಾರು ತಿರುವು ದಾಟಿದ ಮೇಲೆ ಮೇಜಿಗೆ ಕೂತು ಹಾಳೆ ತೆಗೆದೆ.

ನಮ್ಮ ಇಲಾಖೆಯಲ್ಲಿ ಇಂಥದ್ದಕ್ಕೆ ಗುಪ್ತ ವರದಿ ಎನ್ನುತ್ತೇವೆ. ವರ್ಷಕ್ಕೊಮ್ಮೆ ಮೇಲಿನವನು ಕೆಳಗಿನವನ ಬಗ್ಗೆ ಬರೆದು, ಲಕೋಟೆಗೆ ಅಂಟು ಹಾಕಿ, ಇನ್ನೂ ಮೇಲಕ್ಕೆ ಕಳಿಸುತ್ತಾನೆ. ಬರೆಸಿಕೊಂಡವನ ಕಣ್ಣಿಗೆ ಅದು ಬೀಳುವುದಿಲ್ಲ. ತೀರಾ ಕೆಟ್ಟದಾಗಿ ಬರೆದರೆ ಮಾತ್ರ ಅವನಿಗೆ ತಿಳಿಸಬೇಕೆಂಬ ನಿಯಮ. ಆದ್ದರಿಂದ ಕೆಟ್ಟದ್ದೆಂದು ಕಾಣದ ಹಾಗೆ ಕೆಟ್ಟದ್ದು ಬರೆಯುವ ಕಲೆಯೊಂದು ನಮ್ಮಲ್ಲಿ ಬೆಳೆದಿದೆ. ನನ್ನ ಮೇಲೂ ಅದು ಪ್ರಯೋಗವಾಗಿದೆ. ಎರಡು ಪ್ರಮೋಷನ್ ನನ್ನ ಕೈ ತಪ್ಪಿದ್ದು ಹಾಗೆಯೇ.

ಬರೆದೆ. "ವಿಧೇಯಳು. ಶ್ರಮಪಡುತ್ತಾಳೆ. ಆದರೂ ಪ್ರತಿ ಹೆಜ್ಜೆಗೂ ಮಾರ್ಗದರ್ಶನ ಬೇಕಾಗುತ್ತದೆ. ಸ್ವತಂತ್ರವಾಗಿ ಹೊಣೆ ಹೊರಲು ಸದ್ಯಕ್ಕೆ ತಕ್ಕವಳಲ್ಲ." ಇಂಗ್ಲಿಷಿನಲ್ಲಿ ಇದು ಇನ್ನೂ ನಯವಾಗಿ ಕೇಳಿಸುತ್ತದೆ. "ಸದ್ಯಕ್ಕೆ" ಎಂಬ ಮಾತು ಬರೆಯುವಾಗ ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ. ಒಂದೊಂದು ಮಾತಿನ ಕೆಳಗೂ "ನಿದರ್ಶನ" ಎಂದು ಖಾಲಿ ಜಾಗವಿತ್ತು. ಅದನ್ನು ಹಾಗೇ ಬಿಟ್ಟೆ. ನಮ್ಮ ವರದಿಗಳಲ್ಲಿ ಅದನ್ನು ಯಾರು ತುಂಬುತ್ತಾರೆ? ಲಕೋಟೆಗೆ ಹಾಕಿ, ಅಂಟಿಸಿ, ಅಂಟಿನ ಮೇಲೆ ಅಡ್ಡಲಾಗಿ ಸಹಿ ಮಾಡಿದೆ.

ಮೂರು ಗಂಟೆಗೆ ಅವರೆಲ್ಲ ಹಿಂದಿರುಗಿದರು. ಸಾವಿತ್ರಿ ಹ್ಯಾರೋದಿಂದ ಜೋಳದ ಹಿಟ್ಟು ತಂದಿದ್ದಳು. ಗೆಸ್ಟ್ ಹೌಸಿನ ಅಡುಗೆಮನೆಯಲ್ಲಿ ಅವಳು ರೊಟ್ಟಿ ಬಡಿಯುವ ಸದ್ದಿಗೆ ಪೋಲೆಂಡಿನವನು ಗಾಬರಿಯಾಗಿ ಓಡಿಬಂದನಂತೆ. "ತಲಿನೋವು ಹ್ಯಾಂಗೈತ್ರಿ ಸರ್?" ಎಂದು ಕೇಳಿ ಎರಡು ಬಿಸಿ ರೊಟ್ಟಿಗೆ ಚಟ್ನಿಪುಡಿ, ಮೊಸರು ಹಾಕಿ ನನ್ನ ಕೋಣೆಗೇ ತಂದುಕೊಟ್ಟಳು. ಲಕೋಟೆ ಮೇಜಿನ ಮೇಲೇ ಇತ್ತು. ನಾನು ಅದರ ಮೇಲೆ ಪತ್ರಿಕೆ ಎಳೆದು ಮುಚ್ಚಿದೆ. ರೊಟ್ಟಿ ಚೆನ್ನಾಗಿತ್ತು. ಎರಡನ್ನೂ ತಿಂದೆ. ಲಕೋಟೆಯನ್ನು ಒಡೆಯಬೇಕೆಂದು ಒಂದು ಸಲ ಅನ್ನಿಸಿದ್ದು ನಿಜ. ಒಡೆಯಲಿಲ್ಲ.

ಕೊನೆಯ ಶುಕ್ರವಾರ

ಮಾರ್ಗರೆಟ್ ಅವರ ಕೋಣೆಯಲ್ಲಿ ಮೂರು ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಮೂರಕ್ಕೂ ಒಂದೇ ಎತ್ತರ. ಸಾವಿತ್ರಿಯನ್ನು ಯಾಕೆ ಕರೆದರು ಎಂದು ನನಗೆ ತಿಳಿಯಲಿಲ್ಲ. ಮಾರ್ಗರೆಟ್ ನನ್ನ ಲಕೋಟೆಯ ಅಡ್ಡ ಸಹಿಯನ್ನು ಕುತೂಹಲದಿಂದ ನೋಡಿ, ಒಡೆದು, ಹಾಳೆಯನ್ನು ಬಿಡಿಸಿ, ತಾವು ಓದದೆ ನೇರವಾಗಿ ಸಾವಿತ್ರಿಯ ಕೈಗೆ ಕೊಟ್ಟರು. ಸಾವಿತ್ರಿ ಬರೆದದ್ದನ್ನು ನನ್ನ ಕೈಗೆ ಕೊಟ್ಟರು.

"ಮೊದಲು ನೀವಿಬ್ಬರೂ ಓದಿ. ಒಪ್ಪಿಗೆಯಾದರೆ ಸಹಿ ಮಾಡಿ. ಆಮೇಲೆ ನಾನು ಓದುತ್ತೇನೆ" ಎಂದರು.

ಏನೋ ತಪ್ಪಾಗಿದೆ, ಇದು ಗುಪ್ತ, ಎಂದು ಬಾಯಿ ತೆರೆದೆ. ಅಷ್ಟರಲ್ಲಾಗಲೇ ಸಾವಿತ್ರಿ ಓದುತ್ತಿದ್ದಳು. ನಾನೂ ಕಣ್ಣು ಕೆಳಗೆ ಹಾಕಿ ಓದಿದೆ. "ಕಾನೂನು ಇವರಿಗೆ ಬಾಯಿಪಾಠ. ಯಾವ ಕಲಂ ಕೇಳಿದರೂ ಪುಸ್ತಕ ನೋಡದೆ ಹೇಳುತ್ತಾರೆ. ನಿದರ್ಶನ: ಎರಡನೆಯ ದಿನ ರೊಮೇನಿಯಾದವರು ಕೇಳಿದಾಗ. ತರಗತಿಯಲ್ಲಿ ಪ್ರಶ್ನೆಗೆ ಬಿಡುವುದಿಲ್ಲ, ಕೊನೆಗೆ ಕೇಳಿ ಎನ್ನುತ್ತಾರೆ, ಕೊನೆಗೆ ಗಂಟೆ ಹೊಡೆಯುತ್ತದೆ. ನಿದರ್ಶನ: ಟ್ರೈನಿಂಗ್ ಸ್ಕೂಲಿನಲ್ಲಿ ನನ್ನ ಎರಡು ಪ್ರಶ್ನೆಗಳು ಇನ್ನೂ ಉಳಿದಿವೆ. ಕಾನೂನಿನ ಭಾಗ ಬರೆಯಲು ಇವರಿಗಿಂತ ತಕ್ಕವರು ನಮ್ಮಲ್ಲಿಲ್ಲ." ಕೆಳಗೆ ದುಂಡಗಿನ ಅಕ್ಷರದಲ್ಲಿ ಅವಳ ಸಹಿ. ಹೊಗಳಿಕೆಯೂ ಸರಿ, ತೆಗಳಿಕೆಯೂ ಸರಿ. ಒಂದು ಮಾತನ್ನೂ ಅಲ್ಲಗಳೆಯುವ ಹಾಗಿರಲಿಲ್ಲ.

ನಾನು ತಲೆಯೆತ್ತುವಷ್ಟರಲ್ಲಿ ಸಾವಿತ್ರಿ ನನ್ನ ಹಾಳೆಯನ್ನು ಓದಿ ಮುಗಿಸಿ ಮೊದಲಿನಿಂದ ಮತ್ತೆ ಓದುತ್ತಿದ್ದಳು. ಸಿಟ್ಟು ಮಾಡುತ್ತಾಳೆಂದು ಕಾದೆ. ಸಿಟ್ಟಾಗಿದ್ದರೆ ನನಗೆ ಸಲೀಸಾಗುತ್ತಿತ್ತು.

"ಸರ್" ಎಂದಳು ಮೆಲ್ಲಗೆ. "ನಾ ಯಾವಾಗ ಹಂಗ ಮಾಡೇನ್ರಿ? ಹೇಳ್ರಿ, ತಿದ್ದಿಕೋತೇನಿ."

ಅವಳು ನಿಜವಾಗಿ ಕೇಳುತ್ತಿದ್ದಳು. ಎಲ್ಲೋ ತನ್ನಿಂದಲೇ ತಪ್ಪಾಗಿದೆ, ಸರ್ ಕಂಡಿದ್ದಾರೆ, ತನಗೆ ಗೊತ್ತಾಗಿಲ್ಲ ಎಂದು ನಂಬಿ ಕೇಳುತ್ತಿದ್ದಳು. ನಿದರ್ಶನದ ಖಾಲಿ ಜಾಗದ ಮೇಲೆ ಅವಳ ಬೆರಳಿತ್ತು. ಮಾರ್ಗರೆಟ್‌ಗೆ ಮಾತು ತಿಳಿಯದಿದ್ದರೂ ಬೆರಳು ಕಂಡಿತು. "ಹೌದು, ಯಾವ ದಿನ ಎಂದು ಬರೆದರೆ ಅವರಿಗೆ ಸಹಾಯವಾಗುತ್ತದೆ" ಎಂದರು.

ನಾಲ್ಕು ವಾರವನ್ನೂ ಮನಸ್ಸಿನಲ್ಲೇ ಜಾಲಾಡಿದೆ. ಒಂದು ಸುಳ್ಳು ಸಿಕ್ಕರೂ ಸಾಕಿತ್ತು. ಪೊಲೀಸಿನವನಿಗೆ ಸಾಕ್ಷಿ ಹುಟ್ಟಿಸುವುದು ಕಷ್ಟವೇ? ಆದರೆ ಅವಳು ಅದನ್ನೂ ನಂಬಿಬಿಡುತ್ತಾಳೆ, ಊರಿಗೆ ಹೋಗಿ ಇಲ್ಲದ ತಪ್ಪನ್ನು ತಿದ್ದಿಕೊಳ್ಳುತ್ತಾ ಕೂರುತ್ತಾಳೆ ಎಂದು ಹೊಳೆದಾಗ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

"ನೀನು ಏನೂ ಮಾಡಿಲ್ಲಮ್ಮ" ಎಂದೆ. "ಹೊಟ್ಟೆಕಿಚ್ಚಿಗೆ ಬರೆದೆ."

ಅವಳ ಕಣ್ಣಲ್ಲಿ ನೀರು ಬಂದದ್ದು ಕಂಡಿತು, ಅದನ್ನು ಅಲ್ಲೇ ತಡೆದದ್ದೂ ಕಂಡಿತು. ಮಾರ್ಗರೆಟ್ ಏನೆಂದು ಕೇಳಿದರು. ನಾನು ಬರೆದದ್ದು ಸರಿಯಲ್ಲ, ತಿದ್ದುತ್ತೇನೆ, ಆ ಜಾಗ ಈಕೆಗೇ ಸಿಗಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡು ಮೇಜಿನ ಮೇಲಿಟ್ಟು, ಮೊದಲ ಮಾತಿನ ಮೇಲೆ ಪೆನ್ನು ಒತ್ತಿ ಗೀಚತೊಡಗಿದೆ. ಒಂದಕ್ಷರವೂ ಉಳಿಯಬಾರದು, ಪೂರ್ತಿ ಕಪ್ಪಾಗಬೇಕು ಎಂದು ಜೋರಾಗಿ ಗೀಚಿದೆ.

"ಸರ್, ಹಂಗ ಗೀಚಬ್ಯಾಡ್ರಿ."

ಕೈ ನಿಂತಿತು. ಸಾವಿತ್ರಿ ಹಾಳೆಯ ಮೇಲೆ ಬಾಗಿದ್ದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಪಾಠ ಒಪ್ಪಿಸುವವಳ ಧ್ವನಿ.

"ತಪ್ಪು ಬರದಿದ್ರ ಒಂದ ಗೆರಿ ಎಳೀಬೇಕ್ರಿ. ಕೆಳಗಿಂದು ಓದಾಕ ಬರಬೇಕು. ಪಕ್ಕಕ್ಕ ಸಹಿ ಮಾಡಬೇಕು. ಸ್ಟೇಷನ್ ಡೈರಿ ಪಾಠದಾಗ ನೀವ ಕಲಿಸೀರಿ."

ಹೌದು, ನಾನೇ ಕಲಿಸಿದ್ದೆ. ಹದಿನೈದು ವರ್ಷ, ಪ್ರತಿ ಬ್ಯಾಚಿಗೂ, ಮೇಜು ಗುದ್ದಿ ಕಲಿಸಿದ್ದೆ.

ಉಳಿದ ಸಾಲುಗಳ ಮೇಲೆ ಒಂದೊಂದೇ ಗೆರೆ ಎಳೆದೆ. ಪಕ್ಕದಲ್ಲಿ ಸಣ್ಣ ಸಹಿ ಹಾಕಿದೆ. ಅವಳೂ ಹಾಕಿದಳು. ಕೆಳಗೆ ಬೇರೆ ಮಾತು ಬರೆದೆ, ಈ ಸಲ ನಿದರ್ಶನ ಸಮೇತ. ಸಾವಿತ್ರಿ ಆರು ವಾರ ಉಳಿದಳು. ಅವಳ ಹೆಸರು ಆ ಪಠ್ಯದಲ್ಲಿ ಅಚ್ಚಾಯಿತು. ನನಗೆ ಈಗಲೂ ಅದರ ಮೇಲೆ ಹೊಟ್ಟೆಕಿಚ್ಚಿದೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಲಂಡನ್ನಿನಲ್ಲಿ ನಾನು ಬಿಟ್ಟು ಬಂದದ್ದು ಆ ಹಾಳೆಯೊಂದೇ. ಅಲ್ಲಿಯ ಜನ ಕಾಗದಗಳನ್ನು ಜೋಪಾನವಾಗಿ ಇಡುತ್ತಾರೆ. ಯಾವ ಕಪಾಟಿನಲ್ಲಿದೆಯೋ, ಇವತ್ತು ತೆಗೆದು ನೋಡಿದರೂ ನಾನು ಬರೆದದ್ದು ಗೆರೆಯ ಕೆಳಗೆ ಸ್ಪಷ್ಟವಾಗಿ ಓದಲು ಬರುತ್ತದೆ.